ಅನುಮಾನದ ನೆರಳಲ್ಲಿ ಬೆಳೆದ ಜನರಲ್

ಅಲ್ಪಸಂಖ್ಯಾತನೊಬ್ಬ ತನ್ನ ದೇಶನಿಷ್ಠೆಯನ್ನು ಎಷ್ಟು ಬಾರಿ ಸಾಬೀತುಪಡಿಸಬೇಕು? ಈ ಪ್ರಶ್ನೆ ನಮಗೆ ಹೊಸದಲ್ಲ. ಒಂದು ಶತಮಾನದ ಹಿಂದೆ ಆಸ್ಟ್ರೇಲಿಯಾದ ಜಾನ್ ಮೊನಾಶ್ ಕೂಡ ಇದನ್ನು ಎದುರಿಸಿದ್ದರು.

ಮೊನಾಶ್ 1865ರಲ್ಲಿ ಮೆಲ್ಬರ್ನ್‌ನಲ್ಲಿ ಜನಿಸಿದರು. ಹೆತ್ತವರು ಪ್ರಶ್ಯಾದಿಂದ ವಲಸೆ ಬಂದ ಯಹೂದಿಗಳು. 1884ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ವಿಶ್ವವಿದ್ಯಾಲಯದ ಅರೆಕಾಲಿಕ ಸೇನಾಪಡೆಗೆ ಸ್ವಇಚ್ಛೆಯಿಂದ ಸೇರಿದರು. ಮುಂದೆ ಮೂರು ದಶಕ ಸೇತುವೆ ಕಟ್ಟುವ ಇಂಜಿನಿಯರಿಕೆ ಅವರ ಜೀವನೋಪಾಯ. ಸೈನಿಕ ತರಬೇತಿ ಬಿಡುವಿನ ವೇಳೆಯ ಕೆಲಸ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ನಾಲ್ಕನೇ ಬ್ರಿಗೇಡ್‌ನ ಮುಖ್ಯಸ್ಥರಾದರು. ಕೂಡಲೇ ಅವರ ಜರ್ಮನ್ ಮೂಲದ ಬಗ್ಗೆ ದೂರುಗಳೂ ಗಾಳಿಮಾತುಗಳೂ ಹಬ್ಬಿದವು. 1915ರಲ್ಲಿ ಗಲ್ಲಿಪೊಲಿಯಲ್ಲಿ ಅವರ ಪಡೆ ಉಸ್ಮಾನಿಯಾ ತುರ್ಕಿಯರ ವಿರುದ್ಧ ಹೋರಾಡಿತು. ಆಗಸ್ಟ್ ತಿಂಗಳ ದಾಳಿಯಲ್ಲಿ ಅದರ ಜೊತೆಗಿದ್ದದ್ದು 29ನೇ ಭಾರತೀಯ ಬ್ರಿಗೇಡ್. ದಾಳಿ ವಿಫಲವಾಯಿತು. ತುರ್ಕಿಯರು ತಮ್ಮ ನೆಲವನ್ನು ಕಾಯುತ್ತಿದ್ದರು. ಬಂದವರು ಸಾಮ್ರಾಜ್ಯಕ್ಕಾಗಿ ಹೋರಾಡುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

1918ರ ಮೇ ತಿಂಗಳಲ್ಲಿ ಫ್ರಾನ್ಸ್‌ನಲ್ಲಿದ್ದ ಇಡೀ ಆಸ್ಟ್ರೇಲಿಯನ್ ಕೋರ್‌ನ ನೇತೃತ್ವಕ್ಕೆ ಮೊನಾಶ್ ನೇಮಕಗೊಂಡರು. ಪತ್ರಕರ್ತರಾದ ಚಾರ್ಲ್ಸ್ ಬೀನ್ ಮತ್ತು ಕೀತ್ ಮರ್ಡಾಕ್ ಈ ನೇಮಕವನ್ನು ತಪ್ಪಿಸಲು ಪ್ರಧಾನಿ ಹ್ಯೂಸ್ ಮೇಲೆ ಒತ್ತಡ ಹೇರಿದರು. ಬೀನ್ ಅವರ ವಿರೋಧದಲ್ಲಿ ಯಹೂದಿಗಳ ಕುರಿತ ಪೂರ್ವಗ್ರಹವೂ ಬೆರೆತಿತ್ತು. ಹ್ಯೂಸ್ ರಣರಂಗಕ್ಕೇ ಬಂದು ಸೇನಾಧಿಕಾರಿಗಳನ್ನು ವಿಚಾರಿಸಿದರು. ಅವರು ಮೊನಾಶ್ ಪರವಾಗಿಯೇ ನಿಂತರು.

ಜುಲೈ 4ರಂದು ಹಾಮೆಲ್ ಗ್ರಾಮದ ಮೇಲೆ ದಾಳಿ ನಡೆಯಿತು. ಕಾಲಾಳು, ಟ್ಯಾಂಕ್, ಫಿರಂಗಿ ಮತ್ತು ವಿಮಾನಗಳನ್ನು ಮೊನಾಶ್ ಒಂದೇ ಯೋಜನೆಯಲ್ಲಿ ಹೆಣೆದಿದ್ದರು. 90 ನಿಮಿಷಗಳ ಲೆಕ್ಕ ಹಾಕಿದ್ದ ಕಾರ್ಯ 93 ನಿಮಿಷಗಳಲ್ಲಿ ಮುಗಿಯಿತು. ಆಗಸ್ಟ್ 8ರ ಅಮಿಯೆನ್ಸ್ ವಿಜಯದ ಬೆನ್ನಲ್ಲೇ ದೊರೆ ಐದನೇ ಜಾರ್ಜ್ ರಣಭೂಮಿಯಲ್ಲಿಯೇ ಅವರಿಗೆ ನೈಟ್ ಪದವಿ ನೀಡಿದರು. ಬೀನ್ ತಮ್ಮ ತಪ್ಪನ್ನು ಒಪ್ಪಿಕೊಂಡದ್ದು ಅನೇಕ ವರ್ಷಗಳ ನಂತರ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಗಲ್ಲಿಪೊಲಿಯಲ್ಲಿ ಪಕ್ಕದಲ್ಲೇ ನೆತ್ತರು ಸುರಿಸಿದ ಭಾರತೀಯ ಸೈನಿಕ ಎಷ್ಟೇ ಸಮರ್ಥನಾದರೂ ಸುಬೇದಾರ್ ಮೇಜರ್‌ಗಿಂತ ಮೇಲೇರುವ ದಾರಿ ಆಗ ಸಾಮಾನ್ಯವಾಗಿ ಇರಲಿಲ್ಲ. ಬಿಳಿಯ ವಸಾಹತಿನ ಯಹೂದಿಗೆ ಕಷ್ಟಪಟ್ಟಾದರೂ ತೆರೆದ ಬಾಗಿಲು ನಮ್ಮವರಿಗೆ ಮುಚ್ಚಿತ್ತು.

ಯುದ್ಧಾನಂತರ ಮೊನಾಶ್ ವಿಕ್ಟೋರಿಯಾ ರಾಜ್ಯದ ವಿದ್ಯುತ್ ಆಯೋಗವನ್ನು ಕಟ್ಟಿ ಬೆಳೆಸಿದರು. 1929ರಲ್ಲಿ ಪೂರ್ಣ ಜನರಲ್ ಆದರು. 1931ರಲ್ಲಿ ಅವರು ತೀರಿಕೊಂಡಾಗ ಅಂತಿಮಯಾತ್ರೆಗೆ ಲಕ್ಷಾಂತರ ಜನ ಸೇರಿದರು. ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಪದವಿ, ಬಿರುದುಗಳಿಲ್ಲ. 'ಜಾನ್ ಮೊನಾಶ್' ಎಂಬ ಹೆಸರಷ್ಟೇ ಇದೆ. ಬದುಕಿದ್ದಾಗ ಅನುಮಾನಕ್ಕೆ ಗುರಿಯಾಗಿದ್ದೂ ಇದೇ ಹೆಸರು. ನಿಷ್ಠೆಯ ಪರೀಕ್ಷೆಯನ್ನು ಕೆಲವರಿಗೆ ಮಾತ್ರ ಮತ್ತೆ ಮತ್ತೆ ಒಡ್ಡುವ ಸಮಾಜ, ಆ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು ಯೋಚಿಸಬೇಕು.