ವಸ್ತುಸಂಗ್ರಹಾಲಯ ಸೇರಲಿರುವ ರೈಲು ನಕ್ಷೆ

ಬಟ್ಟೆಗೆ ಅಂಟಿಸಿದ ಹಳೆಯ ರೈಲು ನಕ್ಷೆಯೊಂದು ನಮ್ಮ ದೇವಾಲಯದ ಪೂಜಾವಸ್ತ್ರಗಳ ಕೋಣೆಯಲ್ಲಿ ಬಹುಕಾಲದಿಂದ ಇರುವುದನ್ನು ಹಿರಿಯರು ಬಲ್ಲರು. ಶತಮಾನೋತ್ಸವದ ಈ ವರ್ಷದಲ್ಲಿ ಅದನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ಧರ್ಮಕೇಂದ್ರದ ಪಾಲನಾ ಸಮಿತಿ ನಿರ್ಧರಿಸಿರುವುದರಿಂದ, ಅದರ ಚರಿತ್ರೆಯನ್ನು ಇಲ್ಲಿ ದಾಖಲಿಸುವುದು ಯುಕ್ತ.

ಮುದ್ರಣದ ವರ್ಷವಿದ್ದ ಮೂಲೆ ಗೆದ್ದಲಿನ ಪಾಲಾಗಿದೆ. ಆದರೂ ನಕ್ಷೆಯ ಕಾಲವನ್ನು ಗುರುತಿಸಬಹುದು. ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗಿನ ಹತ್ತು ಮೈಲಿಯ ಚಿನ್ನದ ಗಣಿ ಶಾಖೆ ಇದರಲ್ಲಿದೆ. ಅದು ತೆರೆದುದು 1894ರಲ್ಲಿ. 1864ರಷ್ಟು ಹಳೆಯದಾದ ಬೆಂಗಳೂರು–ಜೋಲಾರಪೇಟೆ ಮಾರ್ಗದ ಮೇಲೆ ‘ಮದ್ರಾಸ್ ರೈಲ್ವೆ’ ಎಂದು ಬರೆದಿದೆ. ಆ ಕಂಪನಿ 1908ರಲ್ಲಿ ಸದರ್ನ್ ಮರಾಠಾ ರೈಲ್ವೆಯೊಡನೆ ಕೂಡಿ ಹೊಸ ಹೆಸರು ತಾಳಿತು. 1913ರಲ್ಲಿ ಬಂದ ಬೌರಿಂಗ್‌ಪೇಟೆ–ಕೋಲಾರ ನ್ಯಾರೋಗೇಜ್ ಮಾರ್ಗದ ಸುಳಿವೂ ಇಲ್ಲ. ಆದುದರಿಂದ ಈ ನಕ್ಷೆ 1894 ಮತ್ತು 1908ರ ನಡುವಣದು. ನಮ್ಮ ದೇವಾಲಯಕ್ಕಿಂತ ಹಿರಿದು.

ನಮ್ಮ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ತಂದೆತಾಯಿಗಳ ಊರೆಂದು ಅಲ್ಲಿ ಬರೆದಿರುವ ಆಂಬೂರು, ವಾಣಿಯಂಬಾಡಿ, ಕಾಟ್ಪಾಡಿ, ಸೇಲಂಗಳೆಲ್ಲ ಇಲ್ಲಿ ನಿಲ್ದಾಣಗಳು. ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳ ಬಡವರು ಜೋಲಾರಪೇಟೆಯ ಮೂಲಕ ಗಣಿಗೆ ಬಂದರು. ಅವರ ವಿಶ್ವಾಸವೂ ಅದೇ ಗಾಡಿಯಲ್ಲಿ ಬಂದಿತು. ಗುರುಗಳು ಊರು ಕಟ್ಟಿದರೆಂದು ಸ್ಮರಣ ಸಂಚಿಕೆಗಳಲ್ಲಿ ಬರೆಯುವುದು ವಾಡಿಕೆ. ವಾಸ್ತವದಲ್ಲಿ ಜನರು ಮೊದಲು ಬಂದರು, ಗುರುಗಳು ಹಿಂಬಾಲಿಸಿದರು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಆ ಕಾರ್ಮಿಕರ ಮೊಮ್ಮಕ್ಕಳು ಅದೇ ಹಳಿಯ ಮೇಲೆ ಬೆಂಗಳೂರಿಗೆ ದಿನಗೂಲಿಗೆ ಹೋಗಿಬರುತ್ತಿದ್ದಾರೆ.

ನಮ್ಮ ಹಿರಿಯರ ಸ್ವತ್ತನ್ನು ದೂರದ ಮೈಸೂರಿಗೇಕೆ ಕೊಡಬೇಕೆಂದು ಕೆಲವರು ಆಕ್ಷೇಪಿಸಿದರು. ಅವರ ನೋವು ನ್ಯಾಯವಾದುದೇ. ದಾಖಲೆ ಪುಸ್ತಕಗಳಾಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ಅವು ಧರ್ಮಕೇಂದ್ರದಲ್ಲಿಯೇ ಇರಬೇಕೆಂಬುದು ಧರ್ಮಸಭೆಯ ಕಾನೂನು. ನಕ್ಷೆಯ ವಿಷಯ ಬೇರೆ. ಒಂದು ಮೂಲೆಯನ್ನು ತಿಂದ ಗೆದ್ದಲು ಉಳಿದ ಮೂರನ್ನು ಬಿಡುವುದಿಲ್ಲ. 1979ರಲ್ಲಿ ಸ್ಥಾಪಿತವಾದ ಆ ಸಂಗ್ರಹಾಲಯದಲ್ಲಿ ಮಹಾರಾಣಿಯವರ ಬೋಗಿಯನ್ನು ಕಾಪಾಡಿದ್ದಾರೆ. ಕೂಲಿಗಳು ಬಂದ ದಾರಿಯೂ ಅಲ್ಲಿರಲಿ ಎಂಬುದು ನನ್ನ ಆಶೆ.

ಮೂಲದಷ್ಟೇ ಅಳತೆಯ ಪ್ರತಿಯೊಂದನ್ನು ಮಾಡಿಸಿ ನಮ್ಮ ಸಭಾಂಗಣದಲ್ಲಿ ತೂಗುಹಾಕಲಾಗುವುದು. ತಮ್ಮ ಹಿರಿಯರು ಗಾಡಿ ಹತ್ತಿದ ನಿಲ್ದಾಣವನ್ನು ಬಲ್ಲವರು ಭಾನುವಾರದ ಪೂಜೆಯ ತರುವಾಯ ಗುರುನಿವಾಸಕ್ಕೆ ಬಂದು ಅದರಲ್ಲಿ ಗುರುತು ಮಾಡಿಸಬಹುದು.