ವಚನಶಾಸ್ತ್ರಸಾರವೂ ಗ್ರಂಥಸ್ವಾಮ್ಯದ ಅವಧಿಯೂ

ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು 1923ರಲ್ಲಿ ಪ್ರಕಟಿಸಿದರು. ಓಲೆಗರಿಗಳಲ್ಲಿ ಚದರಿದ್ದ ವಚನಗಳನ್ನು ಕೂಡಿಸಿ ವಿಷಯಾನುಸಾರವಾಗಿ ವಿಂಗಡಿಸಿದ ಆ ಮಹನೀಯರು ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ವಚನಗಳಾದರೋ ಶತಮಾನಗಳ ಹಿಂದಿನವು, ಅವಕ್ಕೆ ಒಡೆಯರಿಲ್ಲ. ಸಂಕಲನ, ಪೀಠಿಕೆ, ಟಿಪ್ಪಣಿಗಳಲ್ಲಿ ಮಾತ್ರ ಸಂಪಾದಕರ ಬುದ್ಧಿಶ್ರಮವುಂಟು. ಕಾಯಿದೆಯು ಕಾಯುವುದು ಅದನ್ನೇ.

ಹಳಕಟ್ಟಿಯವರು ದಿವಂಗತರಾದುದು 1964ರಲ್ಲಿ. 1957ರ ಕಾಯಿದೆಯ ಮೂಲಪಾಠದಂತೆ ಮರಣಾನಂತರದ 50 ವರ್ಷಗಳ ಸ್ವಾಮ್ಯವು 2014ರ ಕೊನೆಗೆ ತೀರತಕ್ಕದ್ದಾಗಿದ್ದಿತು. ಆದರೆ ರವೀಂದ್ರನಾಥ ಠಾಕೂರರ ಗ್ರಂಥಗಳ ಅವಧಿಯು 1991ರಲ್ಲಿ ಮುಗಿಯುವುದನ್ನು ಕಂಡು ಸರಕಾರವು ಎಲ್ಲರಿಗೂ 10 ವರ್ಷ ಕೂಡಿಸಿತು. ಬರ್ನ್ ಒಪ್ಪಂದವು 50ಕ್ಕಿಂತ ಹೆಚ್ಚನ್ನು ಬೇಡಿರಲಿಲ್ಲ. ವಂಗದೇಶದ ಒಬ್ಬ ಕವಿಯ ನಿಮಿತ್ತದಿಂದ ಕನ್ನಡದ ಗ್ರಂಥವೊಂದು 2024ರ ಕೊನೆಯವರೆಗೆ ಬಿಗಿಯಲ್ಲಿ ಉಳಿದ ಬಗೆ ಇದು!

ಅಥಣಿ ಸೀಮೆಯ ಅನಂತಪುರದಂಥ ಊರಿನ ಉಪಾಧ್ಯಾಯನಿಗೆ ಹಳೆಯ ಮುದ್ರಣಗಳನ್ನು ಅಂತರ್ಜಾಲದಲ್ಲಿ ಓದುವ ಅನುಕೂಲವು ಒದಗಿದ್ದು ಈ ಹತ್ತು ವರ್ಷಗಳಲ್ಲಿಯೇ. 2012ರಲ್ಲಿ ತಿದ್ದುಪಡಿಯಾದ 52ನೆಯ ವಿಭಾಗದ ಮೇರೆಗೆ, ಸ್ವಾಮ್ಯವುಳ್ಳವನು ಲಿಖಿತ ದೂರು ಕೊಟ್ಟರೆ, ಅಂಥ ಪ್ರತಿಗೆ ಕೊಂಡಿ ಒದಗಿಸಿದವನು 21 ದಿನ ಅದನ್ನು ಮುಚ್ಚತಕ್ಕದ್ದು. ಅಷ್ಟರಲ್ಲಿ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಮರಳಿ ತೆರೆಯಬಹುದು. ದೂರುದಾರನಿಗೂ ಗಡುವನ್ನು ಕಟ್ಟಿದ್ದು ಯುಕ್ತವೇ. ಆದರೆ ಓದುಗನ ಮಾತನ್ನು ಕೇಳುವ ಏರ್ಪಾಡು ಅದರಲ್ಲಿಲ್ಲ. ಮುಚ್ಚಲ್ಪಟ್ಟದ್ದು ಸಂಪಾದಕರ ಪೀಠಿಕೆಯೋ ಬಸವಣ್ಣನವರ ವಚನವೋ ಎಂಬುದನ್ನು ಆ 21 ದಿನಗಳಲ್ಲಿ ನಿರ್ಣಯಿಸುವವರು ಯಾರು?

2025ರ ಜನವರಿ 1ರಿಂದ ಆ ಪುಟಗಳು ಸರ್ವರ ಸೊತ್ತು. ಆದರೂ ಹಳಕಟ್ಟಿಯವರ ಪಾಠವನ್ನು ಅವರ ಹೆಸರಿಲ್ಲದೆ ಅಚ್ಚಿಗೆ ಕೊಡುವವರು ಇದನ್ನು ಆಧಾರವೆಂದು ತೋರಿಸಲಾಗದು. 57ನೆಯ ವಿಭಾಗವು ಕರ್ತೃತ್ವದ ಹಕ್ಕನ್ನು ಸ್ವಾಮ್ಯದಿಂದ ಬೇರೆಯಾಗಿಯೇ ಇಟ್ಟಿದೆ.