ಪಾಠ ಒಪ್ಪಿಸುವುದು

ಕರಾವಳಿಯ ಹಳೆಯ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು ಮಕ್ಕಳನ್ನು ಎದುರಿಗೆ ಕುಳ್ಳಿರಿಸಿಕೊಂಡು ‘ಪಾಠ ಓದಿದೆಯಾ?’ ಎಂದು ಕೇಳುತ್ತಿರಲಿಲ್ಲ; ‘ಪಾಠ ಒಪ್ಪಿಸು’ ಎನ್ನುತ್ತಿದ್ದರು. ಒಪ್ಪಿಸುವುದೆಂದರೆ ಪರರ ವಸ್ತುವನ್ನು ಜೋಪಾನವಾಗಿ ಕಾಪಾಡಿ ಕುಂದಿಲ್ಲದಂತೆ ಅವರ ಕೈಗೆ ಮರಳಿಸುವುದು. ನಿನ್ನೆ ಗುರುವಿನಿಂದ ಪಡೆದುದನ್ನು ಇಂದು ಅವನಿಗೇ ಮರಳಿಸದೆ ಹೊಸದನ್ನು ಬೇಡುವ ಅಧಿಕಾರ ಶಿಷ್ಯನಿಗಿಲ್ಲವೆಂಬ ಶಿಕ್ಷಣತತ್ತ್ವವೇ ಈ ಒಂದು ಕ್ರಿಯಾಪದದಲ್ಲಿ ಅಡಗಿದೆ. ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಟ್ಟ ಮಕ್ಕಳು ಹೇಗೆ ಓದಬೇಕೆಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಮಾತು, ಮತ್ತು ಉಡುಪಿಯ ಸೀಮೆಯಲ್ಲಿ ಅದು ನಡೆದುಬಂದ ದಾರಿ.

ಉಡುಪಿಗೆ ಸಮೀಪದಲ್ಲಿ, ಕುಂಜಾರುಗಿರಿಯ ಬುಡದಲ್ಲಿರುವ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಹುಟ್ಟಿ, ಮುಂದೆ ಮಧ್ವಾಚಾರ್ಯರೆನಿಸಿದ ಬಾಲಕ ವಾಸುದೇವನು, ಹಿಂದಿನ ದಿನ ಬರೆದ ಅಕ್ಷರಗಳನ್ನೇ ಮತ್ತೆ ಬರೆಯಿಸಹೊರಟ ತಂದೆಯನ್ನು ನಿನ್ನೆಯವನ್ನೇ ಇಂದೂ ಏಕೆ ಬರೆಯಬೇಕೆಂದು ಕೇಳಿದನೆಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ವು ಹೇಳುತ್ತದೆ. ಒಮ್ಮೆ ಕಂಡುದು ಮತ್ತೆ ಅಳಿಯದ ಅಂತಹ ಮೇಧೆಗೆ ಆ ಪ್ರಶ್ನೆ ಸಹಜ. ಆದರೆ ಅವರ ಪರಂಪರೆಯ ಅಷ್ಟಮಠಗಳು ಕಟ್ಟಿಕೊಂಡ ಅಧ್ಯಯನಕ್ರಮವು ನಿನ್ನೆಯದನ್ನು ಇಂದು ಮರೆಯುವ ಸಾಮಾನ್ಯರನ್ನು ಕರುಣೆಯಿಂದ ನೆನೆದು ರೂಪಿಸಿದುದು. ಗುರು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡು ಬಾರಿ ಹೇಳುವುದು ವೇದದ ಸಂಥೆ. ಶಾಸ್ತ್ರದಲ್ಲಿಯಾದರೆ ಪಾಠವಾದ ಬಳಿಕ ಸಹಪಾಠಿಗಳು ಕೂಡಿ ಕುಳಿತು ನಡೆಸುವ ಚಿಂತನೆ, ಆಮೇಲೆ ಗುರುವಿನ ಎದುರು ಅರ್ಥವನ್ನು ತನ್ನ ಮಾತಿನಲ್ಲಿ ಬಿಡಿಸಿಡುವ ಅನುವಾದ. ಪ್ರತಿಪದೆ, ಅಷ್ಟಮಿಗಳು ಅನಧ್ಯಯನ. ಆ ದಿನ ಹೊಸ ಪಾಠವಿಲ್ಲ. ಹೀಗೆ ವರ್ಷಗಟ್ಟಲೆ ನಡೆದ ಓದು ಜಯತೀರ್ಥರ ‘ನ್ಯಾಯಸುಧಾ’ದ ಕೊನೆಯನ್ನು ಮುಟ್ಟಿದಾಗ ನಡೆಯುವ ಉತ್ಸವವೇ ಸುಧಾಮಂಗಳ. ಒಂದು ಗ್ರಂಥವನ್ನು ಓದಿ ಮುಗಿಸಿದುದಕ್ಕೆ ಹಬ್ಬ ಮಾಡುವ ಊರು ಧನ್ಯ.

1432ರಲ್ಲಿ ವೀರಪಾಂಡ್ಯನು ಬಾಹುಬಲಿಯನ್ನು ನಿಲ್ಲಿಸಿದ ಕಾರ್ಕಳದ ಜೈನರಲ್ಲಿಯೂ ಸ್ವಾಧ್ಯಾಯಕ್ಕೆ ಐದು ಅಂಗಗಳು: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದಿದ ಕೂಡಲೇ ಉರು ಹೊಡೆಯಲು ಹೇಳದೆ, ನಡುವೆ ಪ್ರಶ್ನೆಗೂ ಮನನಕ್ಕೂ ಸ್ಥಳವಿಟ್ಟು, ಆವೃತ್ತಿಯನ್ನು ನಾಲ್ಕನೆಯದಾಗಿ ಎಣಿಸಿದವರ ವಿವೇಕವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಅರ್ಥವಾಗದುದನ್ನು ಕಂಠಸ್ಥ ಮಾಡುವ ಶ್ರಮ ಎಷ್ಟು ವ್ಯರ್ಥವೆಂಬುದು ಅವರಿಗೆ ತಿಳಿದಿತ್ತು.

ಇಂಗ್ಲಿಷ್ ವಿದ್ಯೆ ಬಂದ ಮೇಲೆ ಈ ಸೂತ್ರ ಸಡಿಲವಾಯಿತು. ಕಾಪು, ಉಡುಪಿಗಳ ಹುಡುಗರು ಹೊಳೆಗಳನ್ನು ಕಡವಿನ ದೋಣಿಗಳಲ್ಲಿ ದಾಟಿ ಮಂಗಳೂರಿನ ಸರಕಾರಿ ಕಾಲೇಜನ್ನೋ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜನ್ನೋ ಸೇರಿದಾಗ ಅವರಿಗೆ ಎದುರಾದುದು ನೂತನವಾದೊಂದು ಪದ್ಧತಿ: ಉಪನ್ಯಾಸಕರು ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಒಪ್ಪಿಸುವುದು ವರ್ಷಾಂತ್ಯದಲ್ಲಿ ಒಮ್ಮೆ ಮಾತ್ರ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1960ರಲ್ಲಿ ಅದಮಾರು ಮಠದ ಶ್ರೀ ವಿಬುಧೇಶತೀರ್ಥರಿಂದ ಪೂರ್ಣಪ್ರಜ್ಞ ಕಾಲೇಜು, ಅದೇ ವರ್ಷ ಕಾರ್ಕಳದಲ್ಲಿ ಶ್ರೀ ಭುವನೇಂದ್ರ ಕಾಲೇಜು ಹುಟ್ಟಿ ಹೊಳೆ ದಾಟುವ ಕಷ್ಟ ತಪ್ಪಿತು. ಆದರೆ ಒಪ್ಪಿಸದೆ ಕೂಡಿಟ್ಟ ಪಾಠದ ಭಾರ ತಪ್ಪಲಿಲ್ಲ. ಕನ್ನಡ ಶಾಲೆಯಲ್ಲಿ ಮುಂದಿದ್ದ ಎಷ್ಟೋ ಮಂದಿ ಮೊದಲ ವರ್ಷ ಎಡವಿದುದು ಬುದ್ಧಿ ಸಾಲದೆ ಅಲ್ಲ. ದಿನದ ಪಾಠವನ್ನು ದಿನವೇ ಕೇಳಿಸಿಕೊಳ್ಳುವವರಿಲ್ಲದೆ.

ದಿನಕ್ಕಿಷ್ಟೆಂಬ ಕ್ರಮದ ಬೆಲೆಯನ್ನು ಈ ಊರಿನವರಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಹಣವನ್ನೂ ಸಂಗ್ರಹಿಸಿದುದು ಪ್ರಸಿದ್ಧ. ಆ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈಯವರೇ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು.

ಅಲ್ಲಿಯ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಹಳೆಯ ಕ್ರಮ ತಾನಾಗಿಯೇ ಮರಳಿ ಬಂದುದನ್ನು ಕಾಣುತ್ತೇನೆ. ಶರೀರದ ಒಂದೊಂದು ಭಾಗ ಮುಗಿದಂತೆ ವಿದ್ಯಾರ್ಥಿಯು ಎದುರಿಗೆ ನಿಂತು ಬಾಯಿಬಿಟ್ಟು ಹೇಳಲೇಬೇಕು. ಮುಂಚಿನ ಇರುಳು ಸಂಗಾತಿಯ ಮುಂದೆ ಹೇಳಿ ನೋಡದವನು ಅಲ್ಲಿ ತಡವರಿಸುವನು. ಸ್ನಾಯು ಹೊರಡುವಲ್ಲಿ ಕೆಂಪು, ಸೇರುವಲ್ಲಿ ನೀಲಿ ಬಣ್ಣ ತುಂಬಿದ ಹೆಗಲ ಎಲುಬೊಂದನ್ನು ನಡುವೆ ಇಟ್ಟುಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಇಬ್ಬರು ಕುಳಿತಿರುತ್ತಾರೆ. ಒಬ್ಬನು ಪುಸ್ತಕವನ್ನು ಮುಚ್ಚಿ, ಎಲುಬನ್ನು ಮತ್ತೊಬ್ಬನ ಕೈಗಿತ್ತು, ಇದು ಎಡದ್ದೋ ಬಲದ್ದೋ ಎಂದು ಕೇಳುತ್ತಾನೆ. ಮತ್ತೊಬ್ಬನು ಕಣ್ಣು ಮುಚ್ಚಿಕೊಂಡು, ಮರಳಿನ ಮೇಲೆ ಅಕ್ಷರ ತಿದ್ದುವ ಮಗುವಿನಂತೆ, ಎಲುಬಿನ ಏಣನ್ನು ಬೆರಳಿನಿಂದ ಸವರುತ್ತಾ ಹೋಗಿ, ತುದಿಯಲ್ಲಿ ತಡೆದು, ‘ಬಲದ್ದು’ ಎನ್ನುತ್ತಾನೆ. ‘ಸರಿ, ಮುಂದೆ ಹೇಳು.’